ನೀರಿನಲ್ಲಿ ಬೆರೆತ ಮಾರ್ಜಕ: ಅದನ್ನು ಕಂಡುಹಿಡಿಯುವ ಬಗೆ

ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಅದು ಶುದ್ಧವೆಂದು ಹೇಳುವಂತಿಲ್ಲ. ನೊರೆಗಟ್ಟಿ ಕಂಡ ಮಾತ್ರಕ್ಕೆ ಅದರಲ್ಲಿ ಇಂಥದೇ ಪದಾರ್ಥ ಬೆರೆತಿದೆ ಎಂದೂ ಹೇಳುವಂತಿಲ್ಲ. ನಮ್ಮ ಮುಂಬಯಿಯ ನಾಲೆಗಳ ದಡದಲ್ಲಿ ನಡೆದುಹೋಗುವಾಗ ಕಪ್ಪು ನೀರಿನ ಮೇಲೆ ಬೆಳ್ಳನೆಯ ನೊರೆ ತೇಲುವುದನ್ನು ನಾವು ಅಲ್ಲಲ್ಲಿ ಕಂಡಿರುತ್ತೇವೆ. ಒಬ್ಬರು ಅದನ್ನು ಕಾರ್ಖಾನೆಯ ಕೊಳೆಯೆನ್ನುವರು. ಮತ್ತೊಬ್ಬರು ಅಗಸರ ಘಾಟಿನ ನೀರೆನ್ನುವರು. ಇನ್ನೊಬ್ಬರು ಕೊಳೆತ ಗಿಡಗಳ ರಸವೆನ್ನುವರು. ಮೂವರ ಮಾತೂ ನಿಜವಿರಬಹುದು. ಮೂವರ ಮಾತೂ ತಪ್ಪಾಗಿರಬಹುದು. ಊಹೆಯಿಂದ ಒಬ್ಬರ ಮೇಲೆ ತಪ್ಪು ಹೊರಿಸುವುದು ಸುಲಭ. ಅಳೆದು ನೋಡಿ ಮಾತನಾಡುವುದು ಕಷ್ಟ. ವಿಜ್ಞಾನವು ಕಲಿಸುವುದು ಈ ಎರಡನೆಯ ಮಾರ್ಗವನ್ನು. ನೀರಿನಲ್ಲಿ ಕಣ್ಣಿಗೆ ಕಾಣದಂತೆ ಕರಗಿರುವ ಸಾಬೂನಿನ ಪುಡಿಯ ಅಂಶವನ್ನು ಪ್ರಯೋಗಶಾಲೆಯಲ್ಲಿ ಹೇಗೆ ಪತ್ತೆಹಚ್ಚುವರು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಸಾಬೂನು ಮತ್ತು ಮಾರ್ಜಕ

ನಮ್ಮ ಹಿರಿಯರು ಬಟ್ಟೆಗೆ ಚೌಳುಮಣ್ಣನ್ನೂ, ರೇಷ್ಮೆ ಸೀರೆಗೆ ಅಂಟುವಾಳದ ಕಾಯನ್ನೂ, ತಲೆಗೆ ಸೀಗೆಪುಡಿಯನ್ನೂ ಬಳಸುತ್ತಿದ್ದರು. ಎಣ್ಣೆ ಅಥವಾ ಕೊಬ್ಬನ್ನು ಕ್ಷಾರದೊಡನೆ ಕುದಿಸಿದರೆ ಸಾಬೂನು ದೊರೆಯುತ್ತದೆ. ಸಾಬೂನು ಒಳ್ಳೆಯ ಪದಾರ್ಥವೇ. ಆದರೆ ಅದಕ್ಕೊಂದು ಕುಂದುಂಟು. ಮುಂಬಯಿಯ ಕನ್ನಡಿಗರಲ್ಲಿ ಕೆಲವರು ಉಡುಪಿ, ಮಂಗಳೂರುಗಳ ಕಡೆಯವರು. ಕೆಲವರು ವಿಜಯಪುರ, ಕಲಬುರಗಿಗಳ ಕಡೆಯವರು. ಕರಾವಳಿಯ ಮೆದು ನೀರಿನಲ್ಲಿ ಒಂದಿಷ್ಟು ಸಾಬೂನು ತಿಕ್ಕಿದರೂ ನೊರೆ ತುಂಬಿಬರುತ್ತದೆ. ಬಯಲುಸೀಮೆಯ ಅನೇಕ ಬಾವಿಗಳ ಗಡಸು ನೀರಿನಲ್ಲಿ ಎಷ್ಟು ತಿಕ್ಕಿದರೂ ಮೊಸರಿನಂತೆ ಒಡೆದ ಬಿಳಿಯ ಗಷ್ಟು ಬರುವುದೇ ಹೊರತು ನೊರೆ ಬಾರದು. ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಕೂಡಿ ಕರಗದ ವಸ್ತುವಾಗುವುದೇ ಇದಕ್ಕೆ ಕಾರಣ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯಲ್ಲಿ ಎಣ್ಣೆ ಕೊಬ್ಬುಗಳಿಗೆ ಬಹಳ ಅಭಾವವಾಯಿತು. ತಿನ್ನುವುದಕ್ಕೇ ಸಾಲದ ಕೊಬ್ಬನ್ನು ಸಾಬೂನಿಗೆ ಕೊಡುವುದೆಂತು? ಆಗ ಅಲ್ಲಿನ ರಸಾಯನಶಾಸ್ತ್ರಜ್ಞರು ಕಲ್ಲಿದ್ದಲಿನಿಂದ ದೊರೆಯುವ ವಸ್ತುಗಳನ್ನು ಬಳಸಿ 1916ರ ಸುಮಾರಿಗೆ ಕೃತಕ ಮಾರ್ಜಕವೊಂದನ್ನು ತಯಾರಿಸಿದರು. ಅದೇ ಯುದ್ಧದ ದೆಸೆಯಿಂದ ನಮ್ಮ ಮೈಸೂರಿನ ಶ್ರೀಗಂಧದ ಮರವನ್ನು ಹೊರದೇಶಗಳಿಗೆ ಕಳುಹಿಸುವುದಕ್ಕೆ ಅಡ್ಡಿಯಾಗಿತ್ತು. ಅದಕ್ಕಾಗಿ ಮೈಸೂರು ಸಂಸ್ಥಾನವು 1916ರಲ್ಲಿ ಗಂಧದೆಣ್ಣೆಯನ್ನು ತಾನೇ ತೆಗೆಯಲಾರಂಭಿಸಿತು. ಅದರ ಬೆನ್ನಿಗೇ ಬೆಂಗಳೂರಿನ ಸರ್ಕಾರಿ ಸಾಬೂನು ಕಾರ್ಖಾನೆಯೂ ಬೆಳೆಯಿತು. ಒಂದೇ ಯುದ್ಧವು ಒಂದು ದೇಶದಲ್ಲಿ ಸಾಬೂನಿಗೆ ಬದಲಿಯನ್ನೂ, ಇನ್ನೊಂದು ನಾಡಿನಲ್ಲಿ ಸಾಬೂನನ್ನೂ ಹುಟ್ಟಿಸಿದ್ದು ಸೋಜಿಗವಲ್ಲವೇ?

ಅಂಗಡಿಯಲ್ಲಿ ‘ಡಿಟರ್ಜೆಂಟ್’ ಎಂದು ಕರೆಯುವ ಈ ಕೃತಕ ವಸ್ತುವನ್ನು ನಾವು ‘ಮಾರ್ಜಕ’ವೆಂದು ಕರೆಯೋಣ. ಇದು ಗಡಸು ನೀರಿನಲ್ಲಿಯೂ ಒಡೆಯುವುದಿಲ್ಲ. ನಮ್ಮ ದೇಶದ ಪೇಟೆಗೆ 1959ರಲ್ಲಿ ಸರ್ಫ್ ಪುಡಿ ಬಂದಿತು. 1969ರಲ್ಲಿ ಅಹಮದಾಬಾದಿನಲ್ಲಿ ನಿರ್ಮಾ ಪುಡಿಯ ತಯಾರಿಕೆ ಆರಂಭವಾಗಿ, ಅದು ಬಡವರ ಮನೆಗೂ ಎಟಕುವ ಬೆಲೆಗೆ ದೊರೆಯತೊಡಗಿತು. ಹೆಂಗಸರ ರಟ್ಟೆಯ ಶ್ರಮ ಕಡಿಮೆಯಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬಟ್ಟೆಯಿಂದ ಬಿಟ್ಟ ಪುಡಿ ಎಲ್ಲಿಗೆ ಹೋಗುವುದೆಂಬ ಪ್ರಶ್ನೆ ಮಾತ್ರ ಉಳಿಯಿತು.

ತಲೆ ಮತ್ತು ಬಾಲ

ಮಾರ್ಜಕದ ಒಂದು ಅಣುವನ್ನು ಗೊದಮೊಟ್ಟೆಯಂತೆ ಭಾವಿಸಿಕೊಳ್ಳಬಹುದು. ಅದಕ್ಕೆ ನೀರನ್ನು ಪ್ರೀತಿಸುವ ತಲೆಯೊಂದು, ನೀರಿಗೆ ಹೆದರಿ ಎಣ್ಣೆಯನ್ನು ಅರಸುವ ಉದ್ದನೆಯ ಬಾಲವೊಂದು. ಬಾಲವು ಬಟ್ಟೆಯ ಜಿಡ್ಡಿನೊಳಗೆ ನಾಟಿಕೊಳ್ಳುತ್ತದೆ. ತಲೆಯು ನೀರಿನ ಕಡೆಗೆ ಎಳೆಯುತ್ತದೆ. ಹೀಗೆ ಜಿಡ್ಡು ಸಣ್ಣ ಸಣ್ಣ ಕಣಗಳಾಗಿ ಬಟ್ಟೆಯನ್ನು ಬಿಟ್ಟು ನೀರಿಗೆ ಇಳಿಯುತ್ತದೆ. ಎಣ್ಣೆ ಸಿಕ್ಕದಿದ್ದರೆ ಬಾಲವು ನೀರಿನ ಮೇಲ್ಮೈಗೆ ಬಂದು ಗಾಳಿಯ ಕಡೆಗೆ ಚಾಚಿಕೊಳ್ಳುತ್ತದೆ. ಇದರಿಂದ ನೀರಿನ ಮೇಲ್ಮೈ ಎಳೆತ ಕುಗ್ಗುತ್ತದೆ. ಶುದ್ಧ ನೀರಿನ ಮೇಲ್ಮೈ ಎಳೆತವು ಸೆಂಟಿಮೀಟರಿಗೆ ಸುಮಾರು 72 ಡೈನ್. ಬೇಕಾದಷ್ಟು ಮಾರ್ಜಕ ಬೆರೆತಾಗ ಅದು ಅರ್ಧಕ್ಕಿಂತಲೂ ಕೆಳಗಿಳಿಯುವುದುಂಟು. ಆಗ ಗಾಳಿ ಸೇರಿದರೆ ಗುಳ್ಳೆಗಳು ಬೇಗ ಒಡೆಯದೆ ನೊರೆಯಾಗಿ ನಿಲ್ಲುತ್ತವೆ.

ಬಟ್ಟೆಯ ಪುಡಿಗಳಲ್ಲಿ ಹೆಚ್ಚಾಗಿ ಇರುವ ಮಾರ್ಜಕದ ತಲೆಯು ಋಣ ವಿದ್ಯುದಂಶವುಳ್ಳದ್ದು. ಇದನ್ನು ನೆನಪಿನಲ್ಲಿಡಬೇಕು, ಮುಂದೆ ಹೇಳುವ ಪರೀಕ್ಷೆಗೆ ಇದೇ ಆಧಾರ.

ನದಿಗಳಿಗೆ ಬಂದ ವಿಪತ್ತು

ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕ ಮತ್ತು ಯುರೋಪುಗಳಲ್ಲಿ ಮಾರ್ಜಕದ ಪುಡಿ ಮನೆಮನೆಗೂ ಹಬ್ಬಿತು. ಕೆಲವೇ ವರ್ಷಗಳಲ್ಲಿ ಅಲ್ಲಿನ ನದಿಗಳ ಮೇಲೆ ನೊರೆಯ ಗುಡ್ಡೆಗಳು ಕಾಣಿಸಿಕೊಂಡುವು. ಆ ಕಾಲದ ಮಾರ್ಜಕದ ಬಾಲವು ಮರದ ಕೊಂಬೆಯಂತೆ ಕವಲೊಡೆದಿತ್ತು. ನೀರಿನ ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿಂದು ನೀರನ್ನು ಶುದ್ಧಗೊಳಿಸುವುದನ್ನು ನೀವು ಓದಿದ್ದೀರಿ. ಕವಲೊಡೆದ ಬಾಲವನ್ನು ತಿಂದು ಜೀರ್ಣಿಸುವ ಶಕ್ತಿ ಅವುಗಳಿಗೆ ಇರಲಿಲ್ಲ. ಆದಕಾರಣ ಮಾರ್ಜಕವು ಕೆಡದೆ ಉಳಿಯಿತು. ಪಶ್ಚಿಮ ಜರ್ಮನಿಯು 1961ರಲ್ಲಿ ಕಾನೂನು ಮಾಡಿ, 1964ರಿಂದ ಸುಲಭವಾಗಿ ಕೊಳೆಯದ ಮಾರ್ಜಕಗಳನ್ನು ತಡೆಯಿತು. ಅಮೆರಿಕದ ತಯಾರಕರು 1965ರ ವೇಳೆಗೆ ನೇರ ಬಾಲವುಳ್ಳ ಹೊಸ ಮಾರ್ಜಕಕ್ಕೆ ಬದಲಾಯಿಸಿದರು. ಇಂದು ಲೋಕದಲ್ಲಿ ವಿಶೇಷವಾಗಿ ಬಳಕೆಯಲ್ಲಿರುವುದು ಈ ನೇರ ಬಾಲದ್ದೇ.

ಹಾಗಾದರೆ ತೊಂದರೆ ತೀರಿತೆ? ತೀರಲಿಲ್ಲ. ನೇರ ಬಾಲವನ್ನು ತಿನ್ನುವುದಕ್ಕೆ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಕು. ಆಮ್ಲಜನಕ ತುಂಬಿದ ಹರಿಯುವ ನೀರಿನಲ್ಲಿ ಅದು ಬೇಗ ಕೊಳೆಯುತ್ತದೆ. ಆಮ್ಲಜನಕವಿಲ್ಲದ ಕಪ್ಪು ಕೆಸರಿನಲ್ಲಿ ಬಹುಕಾಲ ಹಾಗೆಯೇ ಕುಳಿತಿರುತ್ತದೆ. ಇದಕ್ಕೆ ಕನ್ನಡ ನಾಡಿನಲ್ಲಿಯೇ ದೊಡ್ಡ ನಿದರ್ಶನ ಉಂಟು. ಬೆಂಗಳೂರಿನ ಬೆಳ್ಳಂದೂರು ಕೆರೆಗೆ ನಗರದ ಕೊಳಚೆ ನೀರು ಬಹುಕಾಲ ಶುದ್ಧಗೊಳ್ಳದೆ ಹರಿದುಬಂದು, ಅಲ್ಲಿಯ ನೊರೆಯು ಗಾಳಿಗೆ ಹಾರಿ ರಸ್ತೆಗಳ ಮೇಲೆ ಬೀಳುತ್ತಿತ್ತು. 2015ರ ಮೇ ತಿಂಗಳಲ್ಲಿ ಆ ನೊರೆಗೆ ಬೆಂಕಿಯೇ ಹತ್ತಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಆ ಕೆರೆಯ ನೀರನ್ನೂ ಕೆಸರನ್ನೂ ಪರೀಕ್ಷಿಸಿ, ಮಾರ್ಜಕವು ತಳದ ಕೆಸರಿನಲ್ಲಿ ಸೇರುತ್ತ ಹೋಗಿ, ಭಾರಿ ಮಳೆ ಬಂದು ಕೆಸರು ಕದಡಿದಾಗ ಮತ್ತೆ ನೀರಿಗೆ ಬಂದು ನೊರೆಯೇಳುವುದೆಂದು ತೋರಿಸಿದರು. ಮಳೆ ಬಂದರೆ ಕೊಳೆ ತೊಳೆದುಹೋಗುವುದೆಂಬುದು ನಮ್ಮೆಲ್ಲರ ಎಣಿಕೆ. ಆ ಎಣಿಕೆಯು ಇಲ್ಲಿ ಸುಳ್ಳಾಯಿತು. ಅಳೆದು ನೋಡದೆ ಇದ್ದಿದ್ದರೆ ಇದು ತಿಳಿಯುತ್ತಿತ್ತೇ?

ಮಾರ್ಜಕವು ಮೀನುಗಳ ಕಿವಿರುಗಳಿಗೆ ಹಾನಿಕರ. ನೊರೆಯ ಹೊದಿಕೆಯು ಗಾಳಿಯ ಆಮ್ಲಜನಕ ನೀರಿಗೆ ಇಳಿಯುವುದನ್ನು ತಡೆಯುತ್ತದೆ. ಕೆಲವು ಪುಡಿಗಳಲ್ಲಿ ಬೆರೆಸುವ ಫಾಸ್ಫೇಟುಗಳು ಜಲಸಸ್ಯಗಳಿಗೆ ಗೊಬ್ಬರವಾಗಿ, ಅಂತರಗಂಗೆಯಂಥ ಗಿಡಗಳು ಕೆರೆಯನ್ನೇ ಮುಚ್ಚುವಂತೆ ಮಾಡುತ್ತವೆ.

ಮುಂಬಯಿಯ ಎರಡು ನೀರುಗಳು

ನಮ್ಮ ನಗರದಲ್ಲಿ ಪರೀಕ್ಷೆಗೆ ಒಳಪಡುವ ನೀರು ಎರಡು ಬಗೆಯದು: ನಗರಕ್ಕೆ ಬರುವ ನೀರು, ನಗರದಿಂದ ಹೋಗುವ ನೀರು.

ಬರುವ ನೀರು ಏಳು ಸರೋವರಗಳದು. ವಿಹಾರ್ ಸರೋವರದ ಯೋಜನೆಯು 1860ರಲ್ಲಿ ಮುಗಿಯಿತು. ತುಳಸಿ 1879ರಲ್ಲಿಯೂ, ತಾನಸಾ 1892ರಲ್ಲಿಯೂ ನಗರಕ್ಕೆ ನೀರು ಕೊಡಲಾರಂಭಿಸಿದುವು. ಮೋಡಕ್ ಸಾಗರ, ಮೇಲಿನ ವೈತರಣಾ, ಭಾತ್ಸಾ, ಮಧ್ಯ ವೈತರಣಾ ಇವು ಅನಂತರದವು. ಭಾಂಡುಪ್, ಪಾಂಜರಾಪುರ ಮುಂತಾದ ಕಡೆಗಳಲ್ಲಿ ನೀರನ್ನು ಸೋಸಿ, ಕ್ಲೋರಿನ್ ಬೆರೆಸಿ ಕೊಳವೆಗಳಿಗೆ ಬಿಡುತ್ತಾರೆ. ಸ್ಫಟಿಕದ ಪುಡಿ, ಮರಳಿನ ಸೋಸುವಿಕೆ, ಕ್ಲೋರಿನ್ ಇವು ಮಣ್ಣನ್ನೂ ರೋಗಾಣುಗಳನ್ನೂ ತೆಗೆಯುವುದರಲ್ಲಿ ಸಮರ್ಥವಾದರೂ ಕರಗಿದ ಮಾರ್ಜಕವನ್ನು ತೆಗೆಯುವುದರಲ್ಲಿ ಅಷ್ಟಾಗಿ ಸಮರ್ಥವಲ್ಲ. ಆದುದರಿಂದಲೇ ಸರೋವರದ ಸುತ್ತಲಿನ ನೆಲವನ್ನು ಕಾಪಾಡುವುದು ಮುಖ್ಯ. ವಿಹಾರ್ ಮತ್ತು ತುಳಸಿಗಳ ಸುತ್ತ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು ಇರುವುದು ನಮ್ಮ ಭಾಗ್ಯವೆನ್ನಬೇಕು. ಅವುಗಳಿಗೆ ಸಮೀಪದ ಪವಾಯಿ ಕೆರೆಯನ್ನೂ ಕುಡಿಯುವ ನೀರಿಗಾಗಿಯೇ ಕಟ್ಟಿಸಿದರು. ಆದರೆ ಆ ನೀರು ಕುಡಿಯಲು ಯೋಗ್ಯವಾಗಿ ಉಳಿಯಲಿಲ್ಲ.

ಹೋಗುವ ನೀರಿನಲ್ಲಿ ಮೀಠೀ ನದಿಯು ಮುಖ್ಯವಾದುದು. ‘ಮೀಠೀ’ ಎಂದರೆ ಸಿಹಿ. ವಿಹಾರ್ ಮತ್ತು ಪವಾಯಿ ಕೆರೆಗಳ ಕೋಡಿಯ ನೀರಿನಿಂದ ಹುಟ್ಟಿ, ಸಾಕಿನಾಕಾ, ಕುರ್ಲಾ, ಧಾರಾವಿಗಳ ಮಗ್ಗುಲಲ್ಲಿ ಸುಮಾರು 18 ಕಿಲೋಮೀಟರು ಹರಿದು ಮಾಹಿಮ್ ಕೊಲ್ಲಿಯಲ್ಲಿ ಕಡಲನ್ನು ಸೇರುವ ಈ ನದಿಯನ್ನು ಬಹುಮಂದಿ ಗಟಾರವೆಂದೇ ತಿಳಿದಿದ್ದರು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದು ಪ್ರವಾಹ ಉಕ್ಕಿದಾಗಲೇ, ಇದು ನದಿಯೆಂಬುದು ಅನೇಕರ ಅರಿವಿಗೆ ಬಂದಿತು. ಹೆಸರು ಸಿಹಿಯಾದರೂ ಇದರ ನೀರಿನಲ್ಲಿ ಮನೆ, ಹೋಟೆಲು, ಕಾರ್ಯಾಗಾರಗಳ ಕೊಳಚೆ ಸೇರುತ್ತದೆ.

ಮಾದರಿಯನ್ನು ತರುವ ಕ್ರಮ

ಪರೀಕ್ಷೆಯು ಪ್ರಯೋಗಶಾಲೆಯಲ್ಲಿ ಆರಂಭವಾಗುವುದಿಲ್ಲ. ನದಿಯ ದಡದಲ್ಲಿಯೇ ಆರಂಭವಾಗುತ್ತದೆ. ಮಾದರಿ ಕೆಟ್ಟರೆ ಎಷ್ಟು ಬೆಲೆಬಾಳುವ ಉಪಕರಣವೂ ಸತ್ಯವನ್ನು ಹೇಳಲಾರದು.

ಮೊದಲನೆಯದಾಗಿ, ಗಾಜಿನ ಕುಪ್ಪಿಯು ಶುಚಿಯಾಗಿರಬೇಕು. ಆದರೆ ಅದನ್ನು ಸಾಬೂನಿನ ಪುಡಿಯಿಂದ ತೊಳೆಯಕೂಡದು! ಗಾಜಿಗೆ ಅಂಟಿ ಉಳಿದ ಕಣ್ಣಿಗೆ ಕಾಣದಷ್ಟು ಮಾರ್ಜಕವೇ ಶುದ್ಧ ನೀರನ್ನು ಮಲಿನವೆಂದು ತೋರಿಸೀತು. ಬಿಸಿನೀರು, ಆಮ್ಲ ಬೆರೆಸಿದ ಮದ್ಯಸಾರ, ಕೊನೆಗೆ ಬಟ್ಟಿ ಇಳಿಸಿದ ನೀರು, ಇವುಗಳಿಂದ ತೊಳೆಯುವುದು ಕ್ರಮ. ಎರಡನೆಯದಾಗಿ, ಮೇಲೆ ತೇಲುವ ನೊರೆಯನ್ನು ತುಂಬಿಕೊಳ್ಳಕೂಡದು. ಮಾರ್ಜಕವು ನೊರೆಯಲ್ಲಿ ಒತ್ತಾಗಿ ಸೇರಿರುವುದರಿಂದ ಆ ಮಾದರಿಯು ನದಿಯ ಸ್ಥಿತಿಯನ್ನು ಇದ್ದುದಕ್ಕಿಂತ ಕೆಟ್ಟದಾಗಿ ಹೇಳುತ್ತದೆ. ಕುಪ್ಪಿಯನ್ನು ಮೇಲ್ಮೈಯಿಂದ ಕೆಳಗೆ ಮುಳುಗಿಸಿ, ಗುಳ್ಳೆಯೇಳದಂತೆ ಮೆಲ್ಲನೆ ತುಂಬಬೇಕು. ಮೂರನೆಯದಾಗಿ, ಸ್ಥಳ, ದಿನ, ಗಂಟೆ ಇವುಗಳನ್ನು ಕುಪ್ಪಿಯ ಮೇಲೆ ಬರೆಯಬೇಕು. ಮಾಹಿಮ್ ಕಡೆಯ ಮಾದರಿಯಾದರೆ ಭರತವೋ ಇಳಿತವೋ ಎಂಬುದನ್ನೂ ಬರೆಯಬೇಕು. ದಿನಕ್ಕೆ ಎರಡು ಸಲ ಕಡಲ ನೀರು ಒಳನುಗ್ಗುವ ಕಡೆಯಲ್ಲಿ ಬೆಳಗಿನ ನೀರು ಬೇರೆ, ಮಧ್ಯಾಹ್ನದ ನೀರು ಬೇರೆ. ನಾಲ್ಕನೆಯದಾಗಿ, ಕುಪ್ಪಿಯನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಬೇಗ ತರಬೇಕು. ಬೆಚ್ಚಗೆ ಬಿಟ್ಟರೆ ಒಳಗಿನ ಬ್ಯಾಕ್ಟೀರಿಯಾಗಳು ಮಾರ್ಜಕವನ್ನು ತಿನ್ನುತ್ತ ಹೋಗಿ, ತಡವಾಗಿ ಪರೀಕ್ಷಿಸಿದವರಿಗೆ ನೀರು ಒಳ್ಳೆಯದೆಂಬ ಭ್ರಮೆ ಹುಟ್ಟಿಸುತ್ತವೆ.

ನೀಲಿಯ ಪರೀಕ್ಷೆ

ಮೆಥಿಲೀನ್ ನೀಲಿ ಎಂಬುದೊಂದು ಬಣ್ಣ. ಹೈನ್ರಿಕ್ ಕಾರೋ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನು ಇದನ್ನು 1876ರಲ್ಲಿ ತಯಾರಿಸಿದನು. ಸೂಕ್ಷ್ಮದರ್ಶಕದ ಕೆಳಗೆ ಜೀವಕೋಶಗಳನ್ನು ನೋಡುವುದಕ್ಕೆ ಇದನ್ನು ಇಂದಿಗೂ ಬಳಸುತ್ತಾರೆ. ನಮಗೆ ಬೇಕಾದ ಗುಣ ಬೇರೊಂದು: ಈ ಬಣ್ಣದ ಅಣುವು ಧನ ವಿದ್ಯುದಂಶವುಳ್ಳದ್ದು. ಅದು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಕ್ಲೋರೋಫಾರಂ ಎಂಬ ಭಾರವಾದ ದ್ರವದಲ್ಲಿ ತಾನಾಗಿ ಕರಗುವುದು ಅತ್ಯಲ್ಪ. ಆದರೆ ಋಣದ ತಲೆಯುಳ್ಳ ಮಾರ್ಜಕದ ಅಣು ಸಿಕ್ಕಿದೊಡನೆ ಎರಡೂ ಜೋಡಿಯಾಗುತ್ತವೆ. ಈ ಜೋಡಿಯು ನೀರನ್ನು ಬಿಟ್ಟು ಕ್ಲೋರೋಫಾರಮಿಗೆ ಇಳಿಯುತ್ತದೆ. ಎಷ್ಟು ಮಾರ್ಜಕವೋ ಅಷ್ಟು ಜೋಡಿ. ಎಷ್ಟು ಜೋಡಿಯೋ ಅಷ್ಟು ನೀಲಿ. ಕಣ್ಣಿಗೆ ಕಾಣದ ವಸ್ತುವು ಬಣ್ಣದ ಹೆಗಲೇರಿ ಕಾಣುವಂತಾಯಿತು. ಈ ತತ್ತ್ವವನ್ನು ಕೊಳಚೆ ನೀರಿಗೂ ನದಿಯ ನೀರಿಗೂ ಹೊಂದುವಂತೆ ತಿದ್ದಿ, ಇಂಗ್ಲೆಂಡಿನ ಲಾಂಗ್‌ವೆಲ್ ಮತ್ತು ಮೇನೀಸ್ ಎಂಬವರು 1955ರಲ್ಲಿ ಪ್ರಕಟಿಸಿದರು.

ಪ್ರಯೋಗದ ಕ್ರಮ ಹೀಗಿದೆ. 100 ಮಿಲಿಲೀಟರು ನೀರನ್ನು ಬೇರ್ಪಡಿಸುವ ಆಲಿಕೆಯಲ್ಲಿ ತೆಗೆದುಕೊಳ್ಳುವರು. ಇದು ಕೆಳಗೆ ತಿರುಗುಬಿರಡೆಯುಳ್ಳ ಗಾಜಿನ ಪಾತ್ರೆ. ಫಿನಾಲ್ಫ್ತಲೀನ್ ಹನಿಸಿ, ಕ್ಷಾರವನ್ನು ಗುಲಾಬಿ ಬಣ್ಣ ಬರುವವರೆಗೂ, ಅನಂತರ ಆಮ್ಲವನ್ನು ಆ ಬಣ್ಣ ಹೋಗುವವರೆಗೂ ತೊಟ್ಟುತೊಟ್ಟಾಗಿ ಹಾಕುವರು. ಬಳಿಕ 25 ಮಿಲಿಲೀಟರು ಮೆಥಿಲೀನ್ ನೀಲಿಯ ದ್ರಾವಣವನ್ನೂ 10 ಮಿಲಿಲೀಟರು ಕ್ಲೋರೋಫಾರಮನ್ನೂ ಸೇರಿಸಿ ಅರ್ಧ ನಿಮಿಷ ಅಲ್ಲಾಡಿಸಿ ನಿಲ್ಲಿಸುವರು. ಭಾರವಾದ ಕ್ಲೋರೋಫಾರಂ ತಳಕ್ಕೆ ಇಳಿಯುತ್ತದೆ. ಬಿರಡೆಯನ್ನು ತಿರುಗಿಸಿ ಅದನ್ನು ಬೇರೆ ಪಾತ್ರೆಗೆ ಇಳಿಸಿಕೊಳ್ಳುವರು. ಇನ್ನೆರಡು ಸಲ ಹೊಸ ಕ್ಲೋರೋಫಾರಂ ಹಾಕಿ ಹೀಗೆಯೇ ಮಾಡುವರು. ಒಂದುವೇಳೆ ಮೇಲಿನ ನೀರಿನ ನೀಲಿಯೇ ಮಾಯವಾದರೆ, ಮಾರ್ಜಕವು ಅತಿಯಾಗಿ ಬಣ್ಣವೆಲ್ಲ ಖರ್ಚಾಯಿತೆಂದು ತಿಳಿದು, ಕಡಿಮೆ ನೀರು ತೆಗೆದುಕೊಂಡು ಮೊದಲಿನಿಂದ ಆರಂಭಿಸಬೇಕು.

ಒಟ್ಟುಗೂಡಿಸಿದ ಕ್ಲೋರೋಫಾರಮನ್ನು ಫಾಸ್ಫೇಟು ಮತ್ತು ಆಮ್ಲ ಬೆರೆತ ತೊಳೆಯುವ ದ್ರಾವಣದೊಡನೆ ಅಲ್ಲಾಡಿಸಿ, ಗಾಜಿನ ಉಣ್ಣೆಯ ಮೂಲಕ ಸೋಸಿ, 100 ಮಿಲಿಲೀಟರಿನ ಗುರುತಿನವರೆಗೆ ತುಂಬುವರು. ಬಳಿಕ ವರ್ಣಮಾಪಕದಲ್ಲಿಟ್ಟು 652 ನ್ಯಾನೋಮೀಟರು ತರಂಗದೂರದ ಕೆಂಪು ಬೆಳಕನ್ನು ಅದರ ಮೂಲಕ ಹಾಯಿಸುವರು. ನೀಲಿಯ ದ್ರವವು ಕೆಂಪು ಬೆಳಕನ್ನು ಹೀರುವುದು. ಎಷ್ಟು ಹೀರಿತೆಂಬುದನ್ನು ಉಪಕರಣ ಹೇಳುವುದು. ಗೊತ್ತಾದ ಪ್ರಮಾಣದ ಮಾರ್ಜಕವಿರುವ ಐದಾರು ದ್ರಾವಣಗಳನ್ನು ಇದೇ ಕ್ರಮದಲ್ಲಿ ಅಳೆದು ಮುಂಚೆಯೇ ನಕ್ಷೆ ಬರೆದಿಟ್ಟುಕೊಂಡಿರುವರು. ಆ ನಕ್ಷೆಯಿಂದ ಮಾದರಿಯ ಮಾರ್ಜಕ ಎಷ್ಟೆಂದು ತಿಳಿಯುವುದು. ಇದರೊಂದಿಗೆ ಬಟ್ಟಿ ಇಳಿಸಿದ ನೀರನ್ನೂ ಪರೀಕ್ಷಿಸಿ ನೋಡುವರು. ಏನೂ ಇರಬಾರದ ನೀರಿನಲ್ಲಿ ನೀಲಿ ಕಂಡರೆ, ದೋಷವು ನದಿಯದಲ್ಲ, ನಮ್ಮ ಪಾತ್ರೆಯದು.

ಕ್ಲೋರೋಫಾರಮಿನ ಆವಿಯು ಆರೋಗ್ಯಕ್ಕೆ ಹಾನಿಕರ. ಆದುದರಿಂದ ಆವಿಯನ್ನು ಹೊರಕ್ಕೆ ಸೆಳೆಯುವ ಗೂಡಿನೊಳಗೆ ಪಳಗಿದವರು ಮಾತ್ರ ಈ ಪ್ರಯೋಗವನ್ನು ಮಾಡತಕ್ಕದ್ದು.

ಪರೀಕ್ಷೆಯು ಮೋಸಹೋಗುವ ಸಂದರ್ಭಗಳು

ಈ ಪರೀಕ್ಷೆಯ ಫಲವನ್ನು ‘ಮಾರ್ಜಕ’ವೆಂದು ಬರೆಯದೆ ‘ಮೆಥಿಲೀನ್ ನೀಲಿಯೊಡನೆ ವರ್ತಿಸುವ ಪದಾರ್ಥ’ವೆಂದು ಬರೆಯುವರು. ಇದು ಸುಮ್ಮನೆ ಉದ್ದಮಾಡಿದ ಹೆಸರಲ್ಲ, ಇದರಲ್ಲಿ ಪ್ರಾಮಾಣಿಕತೆಯುಂಟು. ಮಾರ್ಜಕವಲ್ಲದ ಇತರ ಕೆಲವು ವಸ್ತುಗಳೂ ಈ ಬಣ್ಣದೊಡನೆ ಜೋಡಿಯಾಗಬಲ್ಲುವು. ಕಡಲ ನೀರಿನ ಉಪ್ಪಿನಲ್ಲಿರುವ ಕ್ಲೋರೈಡು ಅಂಥದೊಂದು. ಮಾಹಿಮ್ ಕೊಲ್ಲಿಯ ಉಪ್ಪುನೀರನ್ನು ಎಚ್ಚರವಿಲ್ಲದೆ ಪರೀಕ್ಷಿಸಿದರೆ ಇಲ್ಲದ ಮಾರ್ಜಕ ಕಂಡೀತು. ಮೇಲೆ ಹೇಳಿದ ತೊಳೆಯುವ ದ್ರಾವಣವು ಇಂಥ ಸಡಿಲವಾದ ಜೋಡಿಗಳನ್ನು ಬಿಡಿಸಿ ದೋಷವನ್ನು ಕಡಿಮೆ ಮಾಡುತ್ತದೆ. ಇದಕ್ಕೆ ವಿರುದ್ಧವಾದ ಮೋಸವೂ ಉಂಟು. ಕೊಳೆತ ಮೊಟ್ಟೆಯ ನಾತ ಬೀರುವ ನಾಲೆಯ ನೀರಿನಲ್ಲಿ ಸಲ್ಫೈಡು ಇರುತ್ತದೆ. ಅದು ನೀಲಿಯ ಬಣ್ಣವನ್ನೇ ಅಳಿಸಿಬಿಡುವುದರಿಂದ ಇದ್ದ ಮಾರ್ಜಕವೂ ಕಾಣದು. ಅಂಥ ನೀರಿಗೆ ಮೊದಲು ಹೈಡ್ರೋಜನ್ ಪೆರಾಕ್ಸೈಡನ್ನು ಸೇರಿಸಿ ಸಲ್ಫೈಡನ್ನು ನಾಶಮಾಡುವರು. ಧನದ ತಲೆಯುಳ್ಳ ಕೆಲವು ಕ್ರಿಮಿನಾಶಕ ದ್ರವಗಳು ಮಾರ್ಜಕದೊಡನೆ ತಾವೇ ಜೋಡಿಯಾಗಿ ಬಣ್ಣಕ್ಕೆ ಅವಕಾಶ ಕೊಡುವುದಿಲ್ಲ. ವಿದ್ಯುದಂಶವೇ ಇಲ್ಲದ ತಲೆಯ ಮಾರ್ಜಕಗಳಂತೂ ಈ ಪರೀಕ್ಷೆಗೆ ಸಿಕ್ಕುವುದೇ ಇಲ್ಲ. ಅವಕ್ಕೆ ಬೇರೆಯೇ ಪರೀಕ್ಷೆಯಿದೆ. ಸಾಮಾನ್ಯ ಸಾಬೂನೂ ಇದಕ್ಕೆ ಸಿಕ್ಕದು.

ಲೆಕ್ಕವೂ ನ್ಯಾಯವೂ

100 ಮಿಲಿಲೀಟರು ನೀರಿನಲ್ಲಿ 64 ಮೈಕ್ರೋಗ್ರಾಂ ಕಂಡುಬಂದಿತೆಂದು ಇಟ್ಟುಕೊಳ್ಳೋಣ. ಲೀಟರಿಗೆ 640 ಮೈಕ್ರೋಗ್ರಾಂ, ಅಂದರೆ 0.64 ಮಿಲಿಗ್ರಾಂ ಆಯಿತು. ಭಾರತೀಯ ಮಾನಕ ಸಂಸ್ಥೆಯು 2012ರಲ್ಲಿ ಪರಿಷ್ಕರಿಸಿದ ಕುಡಿಯುವ ನೀರಿನ ಮಾನಕ 10500ರ ಪ್ರಕಾರ ಲೀಟರಿಗೆ 0.2 ಮಿಲಿಗ್ರಾಂ ಒಪ್ಪಬಹುದಾದ ಮಿತಿ. ಬೇರೆ ನೀರೇ ದೊರೆಯದ ಕಡೆ 1.0 ಮಿಲಿಗ್ರಾಮಿನವರೆಗೆ ಸಹಿಸಬಹುದು. ಆದುದರಿಂದ ಈ ಕಲ್ಪಿತ ಮಾದರಿಯು ಮೊದಲನೆಯ ಮಿತಿಯನ್ನು ದಾಟಿದೆ; ಎರಡನೆಯದನ್ನು ದಾಟಿಲ್ಲ.

ಇನ್ನು ನ್ಯಾಯದ ಮಾತು. ಒಂದು ನಾಲೆಯ ದಡದಲ್ಲಿ ಅಗಸರ ಘಾಟು ಇದೆ. ಅದರ ಕೆಳಗೆ ನೊರೆಯಿದೆ. ನೊರೆಗೆ ಅವರೇ ಕಾರಣರೆಂದು ಜನ ದೂರುತ್ತಾರೆ ಎಂದುಕೊಳ್ಳೋಣ. ಪರೀಕ್ಷಕನು ಘಾಟಿನ ಕೆಳಗಿನ ನೀರನ್ನು ಮಾತ್ರವೇ ತಂದು, ‘ಲೀಟರಿಗೆ 2.0 ಮಿಲಿಗ್ರಾಂ ಇದೆ’ ಎಂದರೆ ದೂರು ಸಿದ್ಧವಾದಂತೆ ತೋರುವುದು. ಆದರೆ ಘಾಟಿನ ಮೇಲಿನ ನೀರಿನಲ್ಲಿಯೂ 1.9 ಮಿಲಿಗ್ರಾಂ ಇದ್ದರೆ? ಆಗ ಘಾಟಿನಿಂದ ಸೇರಿದ್ದು ಅತ್ಯಲ್ಪ. ಉಳಿದುದೆಲ್ಲ ಮೇಲಿನ ಬಡಾವಣೆಗಳಿಂದ, ಅಂದರೆ ದೂರು ಕೊಟ್ಟವರ ಮನೆಗಳಿಂದಲೇ ಬಂದುದು. ಎರಡು ಕುಪ್ಪಿಗಳ ಜಾಗದಲ್ಲಿ ಒಂದೇ ಕುಪ್ಪಿ ತಂದರೆ ಬಡವರ ಅನ್ನಕ್ಕೆ ಕಲ್ಲು ಬೀಳುತ್ತದೆ. ಮಹಾಲಕ್ಷ್ಮಿಯ ಧೋಬಿ ಘಾಟಿನಂಥ ಕಡೆ ಬಟ್ಟೆಯೊಗೆಯುವವರ ಕೆಲಸ ಬಯಲಿನಲ್ಲಿ ನಡೆಯುವುದರಿಂದ ಎಲ್ಲರಿಗೂ ಕಾಣುತ್ತದೆ. ನಮ್ಮ ಬಚ್ಚಲಿನ ಕೊಳವೆ ಗೋಡೆಯ ಒಳಗಿರುವುದರಿಂದ ಯಾರಿಗೂ ಕಾಣದು. ವ್ಯತ್ಯಾಸ ಇಷ್ಟೇ.

ನಮ್ಮ ಬಕೆಟ್ಟಿನ ಲೆಕ್ಕವನ್ನೇ ಮಾಡಿ ನೋಡೋಣ. 15 ಲೀಟರಿನ ಬಕೆಟ್ಟಿಗೆ 30 ಗ್ರಾಂ ಪುಡಿ ಹಾಕಿದೆವೆಂದೂ, ಪುಡಿಯಲ್ಲಿ ನೂರಕ್ಕೆ 15ರಷ್ಟು ಮಾರ್ಜಕವಿದೆಯೆಂದೂ ಇಟ್ಟುಕೊಳ್ಳೋಣ. ಮಾರ್ಜಕವು 4.5 ಗ್ರಾಂ, ಅಂದರೆ 4,500 ಮಿಲಿಗ್ರಾಂ. ಲೀಟರಿಗೆ 300 ಮಿಲಿಗ್ರಾಂ. ಇದನ್ನು ಬರಿಯ ನೀರು ಬೆರೆಸಿಯೇ 0.2ಕ್ಕೆ ಇಳಿಸಬೇಕಾದರೆ ಒಟ್ಟು 22,500 ಲೀಟರು ನೀರಾಗಬೇಕು. ಅಂದರೆ ಒಂದು ಬಕೆಟ್ಟಿಗೆ 1,500 ಬಕೆಟ್ಟು! ಕೊಳಚೆ ನೀರನ್ನು ಗಾಳಿಯಾಡಿಸಿ, ಬ್ಯಾಕ್ಟೀರಿಯಾಗಳಿಂದ ಶುದ್ಧಗೊಳಿಸಿಯೇ ಹೊರಬಿಡಬೇಕೆನ್ನುವುದು ಇದಕ್ಕಾಗಿ. ಕೊಲಾಬಾ, ವರಳಿ, ಬಾಂದ್ರಾ, ವರ್ಸೋವಾ, ಮಾಲಾಡ್, ಘಾಟ್ಕೋಪರ್, ಭಾಂಡುಪ್ ಎಂಬ ಏಳು ಕಡೆ ನಮ್ಮ ನಗರದ ಕೊಳಚೆ ನೀರಿನ ಕೇಂದ್ರಗಳಿವೆ. ಆದರೆ ಕೊಳವೆಗೆ ಸೇರದೆ ನೇರವಾಗಿ ನಾಲೆಗೆ ಹರಿದ ನೀರಿಗೆ ಆ ಕೇಂದ್ರಗಳ ದಾರಿಯೇ ತಿಳಿಯದು.

ಶಾಲೆಯಲ್ಲಿ ಮಾಡಬಹುದಾದ ಪ್ರಯೋಗ

ಕ್ಲೋರೋಫಾರಂ ಇಲ್ಲದೆಯೇ ನಾವು ಒಂದು ಸತ್ಯವನ್ನು ಕಾಣಬಹುದು. ಒಂದೇ ಅಳತೆಯ ನಾಲ್ಕು ಗಾಜಿನ ಕುಪ್ಪಿಗಳನ್ನು ತೆಗೆದುಕೊಳ್ಳಿರಿ. ಬಟ್ಟೆ ನೆನೆಸುವ ಪುಡಿಯ ನೀರನ್ನು ಮೊದಲನೆಯದರಲ್ಲಿ ಕಾಲುಭಾಗ ತುಂಬಿರಿ. ಆ ನೀರಿನ ಒಂದು ಪಾಲಿಗೆ ಒಂಬತ್ತು ಪಾಲು ನಲ್ಲಿಯ ನೀರನ್ನು ಬೆರೆಸಿ ಅಷ್ಟನ್ನೇ ಎರಡನೆಯದರಲ್ಲಿ ತುಂಬಿರಿ. ಎರಡನೆಯದರಿಂದ ಮೂರನೆಯದನ್ನೂ, ಮೂರನೆಯದರಿಂದ ನಾಲ್ಕನೆಯದನ್ನೂ ಹೀಗೆಯೇ ತಯಾರಿಸಿರಿ. ಪ್ರತಿಯೊಂದನ್ನೂ ಇಪ್ಪತ್ತು ಸಲ ಅಲ್ಲಾಡಿಸಿ, ಒಂದು ನಿಮಿಷದ ಬಳಿಕ ನೊರೆಯ ಎತ್ತರವನ್ನು ಅಳತೆಪಟ್ಟಿಯಿಂದ ಅಳೆದು ಬರೆದಿಡಿರಿ. ಮೇಲಿನ ಲೆಕ್ಕದಂತೆ ಕುಪ್ಪಿಗಳಲ್ಲಿ ಲೀಟರಿಗೆ 300, 30, 3, 0.3 ಮಿಲಿಗ್ರಾಂ ಮಾರ್ಜಕವಿರುತ್ತದೆ. ನಾಲ್ಕನೆಯದರಲ್ಲಿ ನೊರೆಯು ಬಹುಮಟ್ಟಿಗೆ ಕಾಣದಾಗುತ್ತದೆ. ಆದರೂ ಅದು ಕುಡಿಯುವ ನೀರಿನ 0.2ರ ಮಿತಿಗಿಂತ ಮೇಲೆಯೇ ಇದೆ. ಕಣ್ಣಿನ ಅಧಿಕಾರ ಎಲ್ಲಿ ಮುಗಿದು ಪ್ರಯೋಗಶಾಲೆಯ ಅಧಿಕಾರ ಎಲ್ಲಿ ಆರಂಭವಾಗುತ್ತದೆಂಬುದನ್ನು ಆ ನಾಲ್ಕನೆಯ ಕುಪ್ಪಿ ತೋರಿಸಿಕೊಡುತ್ತದೆ.

ಪೊಟ್ಟಣದ ಮೇಲೆ ಬರೆದ ಅಳತೆಗಿಂತ ಹೆಚ್ಚು ಪುಡಿ ಹಾಕುವುದರಿಂದ ನೊರೆ ಹೆಚ್ಚುವುದೇ ಹೊರತು ಬಟ್ಟೆಯ ಶುಭ್ರತೆ ಅದೇ ಪ್ರಮಾಣದಲ್ಲಿ ಹೆಚ್ಚದು. ಚಿಕ್ಕಮ್ಮನಿಗೋ ಅಕ್ಕನಿಗೋ ಈ ಮಾತನ್ನು ತಿಳಿಸಿ, ಬಟ್ಟೆಯೊಗೆಯುವ ದಿನ ಅಳತೆಯ ಚಮಚವನ್ನು ನಾವೇ ಕೈಯಲ್ಲಿ ಹಿಡಿದರೆ ಅದೂ ವಿಜ್ಞಾನದ ಪಾಠವೇ.

ಅಭ್ಯಾಸಕ್ಕಾಗಿ ಕೆಲವು ಪ್ರಶ್ನೆಗಳು

1. 250 ಮಿಲಿಲೀಟರು ನೀರಿನಲ್ಲಿ 20 ಮೈಕ್ರೋಗ್ರಾಂ ಕಂಡುಬಂದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಆಯಿತು? ಆ ನೀರು ಮೊದಲನೆಯ ಮಿತಿಯೊಳಗೆ ಇದೆಯೆ?

2. ಮಾದರಿಯ ಕುಪ್ಪಿಯನ್ನು ಮಾರ್ಜಕದ ಪುಡಿಯಿಂದ ತೊಳೆಯಬಾರದೇಕೆ?

3. ಭರತದ ವೇಳೆಯಲ್ಲಿ ಮಾಹಿಮಿನಿಂದ ತಂದ ನೀರಿನಲ್ಲಿ ನೀಲಿಯು ಹೆಚ್ಚಾಗಿ ಕಂಡಿತು. ಇದಕ್ಕೆ ಎರಡು ಕಾರಣಗಳನ್ನು ಊಹಿಸಿ, ಅವುಗಳಲ್ಲಿ ಯಾವುದು ನಿಜವೆಂದು ತಿಳಿಯುವುದಕ್ಕೆ ಏನು ಮಾಡುವಿರಿ?

4. ನಿಮ್ಮ ಮನೆಯ ಸಮೀಪದ ನಾಲೆಯ ನೀರನ್ನು ಪರೀಕ್ಷೆಗೆ ಕಳುಹಿಸಬೇಕಾದರೆ ಎಷ್ಟು ಕುಪ್ಪಿಗಳನ್ನು, ಯಾವ ಯಾವ ಸ್ಥಳದಲ್ಲಿ, ಯಾವ ಹೊತ್ತಿನಲ್ಲಿ ತುಂಬುವಿರಿ? ಪ್ರತಿಯೊಂದಕ್ಕೂ ಕಾರಣ ಬರೆಯಿರಿ.